ಎಡಕ್ಕೆ ನಿಂತ ಊರು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿ ನಿರ್ವಾಣಯ್ಯ ಎಂಬ ಗುರುಗಳು. ಸುತ್ತಲಿನ ಊರವರಿಗೆಲ್ಲ ಅವರು ಅಜ್ಜಾರು.

ಅಜ್ಜಾರು ಪೂರ್ವಾಶ್ರಮದಲ್ಲಿ ಹತ್ತಿ ಗಿರಣಿಯ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಗಿರಣಿ ಬಿಟ್ಟರು, ಸಂಸಾರದ ಗೊಡವೆ ಬಿಟ್ಟರು, ಕಂಪ್ಯೂಟರಿನ ಲೆಕ್ಕದ ಹಾಳೆ ಸ್ಪ್ರೆಡ್‌ಶೀಟ್ ಮಾತ್ರ ಬಿಡಲಿಲ್ಲ. ‘ಇದೂ ಒಂದು ವಿದ್ಯಾನ’ ಎನ್ನುತ್ತಿದ್ದರು. ಧ್ಯಾನ ಕಲಿಯಲೆಂದು ಬಂದವರು ಮೂಲೆಯ ಕಂಪ್ಯೂಟರ್ ಕಂಡು ಮೆಲ್ಲಗೆ ಜಾಗ ಖಾಲಿ ಮಾಡುತ್ತಿದ್ದರು.

ಬಂದವರಲ್ಲಿ ದಾನೇಶ್ವರಿ ಎಂಬ ಹುಡುಗಿ ಮಾತ್ರ ಉಳಿದಳು. ಅವಳಿಗೆ ಬೇಕಾಗಿದ್ದದ್ದು ಬೇರೆ.

ಆ ಆಶ್ರಮದಲ್ಲಿ ಪ್ರತಿ ಹುಣ್ಣಿಮೆಗೆ ದಾಸೋಹ. ಹತ್ತಿರದ ಊರುಗಳವರೆಲ್ಲ ಬಂದು ಪಂಕ್ತಿಯಲ್ಲಿ ಕೂತು ಉಣ್ಣುತ್ತಿದ್ದರು. ಅದನ್ನು ನೋಡಿಕೊಳ್ಳುತ್ತಿದ್ದ ಕಲ್ಲವ್ವ ಮೊಣಕಾಲು ನೋವಿನಿಂದ ಹಾಸಿಗೆ ಹಿಡಿದಿದ್ದಳು. ಆ ಹೊಣೆ ತನ್ನದಾಗಬೇಕೆಂದು ದಾನೇಶ್ವರಿಗೆ ಬಲು ಆಸೆ. ಆಸೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಹುಡುಗಿಯಲ್ಲ ಅವಳು.

“ಅಜ್ಜಾರ, ದಾಸೋಹದ ಹೊಣಿ ನನಗ ಕೊಡ್ರಿ.”

“ನಾಳೆ ಎಷ್ಟು ಮಂದಿ ಉಣ್ಣಾಕ ಬರ್ತಾರ ಅಂತ ಇವತ್ತ ಹೇಳೂದ ಕಲಿ. ಆಮ್ಯಾಲೆ ನೋಡೂಣು.”

ಪಾಠ ಶುರುವಾಯಿತು. ಮೊದಲ ದಿನ ಅಜ್ಜಾರು ಕಂಪ್ಯೂಟರಿನ ಮೌಸನ್ನು ಕಿತ್ತು ಜೋಳಿಗೆಗೆ ಹಾಕಿಕೊಂಡು ಸ್ನಾನಕ್ಕೆ ಹೊರಟರು.

“ಅಜ್ಜಾರ, ಅದಿಲ್ಲದ ನಾ ಹ್ಯಾಂಗ ಮಾಡ್ಲಿ?”

“ಇಲಿ ಹಿಡದೀನಿ. ಇನ್ನ ನಿನ್ನ ಬೆರಳಿಗೆ ಕೆಲಸ ಕೊಡು.”

ಅವಳು ಅತ್ತಳು. ನಿಜವಾಗಿಯೂ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಒಂದೊಂದೇ ಗುಂಡಿ ಒತ್ತಿ ನೋಡಿದಳು. ಕಂಟ್ರೋಲ್ ಹಿಡಿದು ಬಾಣದ ಗುಂಡಿ ಒತ್ತಿದರೆ ಹಾಳೆಯ ತುದಿಗೇ ಹೋಗಿ ನಿಲ್ಲಬಹುದು. ಕೆಳಗಿನ ಸಾಲುಗಳನ್ನು ಒಂದೇ ಹಿಡಿತಕ್ಕೆ ಹಿಡಿಯಬಹುದು. ಅಜ್ಜಾರು ಒದ್ದೆ ಪಂಚೆಯಲ್ಲಿ ಬರುವಷ್ಟರಲ್ಲಿ ಅವಳ ಮುಖದಲ್ಲಿ ನಗು ಮೂಡಿತ್ತು.

ಇನ್ನೊಂದು ದಿನ ಅವಳು ಹಾಳೆಯ ತಲೆಯಲ್ಲಿ ಒಬ್ಬರಿಗೆ ಎಷ್ಟು ಅಕ್ಕಿ ಎಂದು ಬರೆದು, ಕೆಳಗೆ ಊರೂರಿನ ಅಕ್ಕಿಗೆ ಸೂತ್ರ ಹಾಕಿದಳು. ಮೊದಲ ಊರಿಗೆ ಸರಿಯಾಗಿ ಬಂತು. ಸೂತ್ರವನ್ನು ಕೆಳಗೆಳೆದರೆ ಉಳಿದ ಊರುಗಳಿಗೆಲ್ಲ ಸೊನ್ನೆ.

“ಎಳದ್ರ ಎಲ್ಲಾನೂ ಕೆಳಗ ಸರೀತಾವ್ರಿ. ಮ್ಯಾಲಿಂದು ಮ್ಯಾಲೇ ನಿಲ್ಲವಲ್ದು.”

ಅಜ್ಜಾರು ಕೈ ಚಾಚಿದರು. “ನನ್ನ ಹಿಡದು ಎಳಿ.”

ಗುರುಗಳ ಕೈ ಎಳೆಯುವುದೇ? ಹಿಂದೆಮುಂದೆ ನೋಡಿ ಎಳೆದಳು. ಅಜ್ಜಾರು ಅಲುಗಲಿಲ್ಲ.

“ಯಾಕ ಬರಲಿಲ್ಲ?”

“ಇನ್ನೊಂದು ಕೈಯಾಗ ಕಂಬ ಹಿಡದೀರಲ್ರಿ!”

“ಸೂತ್ರದಾಗ ಆ ಕಂಬಕ್ಕ ಡಾಲರ್ ಗುರುತು ಅಂತಾರ. ಹಾಕು.”

ಹಾಕಿದಳು. ಮೇಲಿನದು ಮೇಲೇ ನಿಂತಿತು, ಕೆಳಗಿನವು ತಮ್ಮ ಪಾಡಿಗೆ ಇಳಿದವು. ಅವಳು ಚಪ್ಪಾಳೆ ತಟ್ಟಿದ್ದು ಅಡುಗೆಮನೆಗೂ ಕೇಳಿಸಿತು.

ಹೀಗೆ ಕಲಿತಳು. ಕಲ್ಲವ್ವ ಊರೂರಿಗೆ ಫೋನು ಮಾಡಿ, ಬೆರಳು ಮಡಚಿ, ಮರೆತು, ಮತ್ತೆ ಫೋನು ಮಾಡಿ ಒಂದು ಇಡೀ ದಿನ ಕಳೆಯುತ್ತಿದ್ದ ಕೆಲಸವನ್ನು ದಾನೇಶ್ವರಿ ಹಾಲು ಉಕ್ಕುವುದರೊಳಗೆ ಮುಗಿಸತೊಡಗಿದಳು. ಊರಿಗೊಬ್ಬರಂತೆ ಹಿರಿಯರ ಮೊಬೈಲಿಗೆ ಅದೇ ಹಾಳೆಯನ್ನು ಕಳಿಸಿ, ‘ನಿಮ್ಮ ಊರಿನ ಸಾಲಿನಾಗ ನೀವ ಬರೀರಿ’ ಎಂದಳು. ಅವರು ಬರೆದರು. ಮೊತ್ತ ತಾನಾಗಿ ಬಂತು. ಅಕ್ಕಿ, ಬೇಳೆ, ಹುಗ್ಗಿಗೆ ಗೋಧಿ, ಎಲ್ಲವೂ ತಾನಾಗಿ ಬಂತು.

ಹೆಮ್ಮೆ ಪಡುವ ಮಾತೇ. ಪಟ್ಟಳು, ಅದರಲ್ಲೇನು ತಪ್ಪು?

“ಅಜ್ಜಾರ, ಎಷ್ಟು ಲಗೂ ಮುಗಸ್ತೀನಿ ನೋಡ್ರಿ!”

“ಉಳದ ವ್ಯಾಳ್ಯಾದಾಗ ಏನ್ ಮಾಡ್ತಿ?”

“ಇನ್ನೊಂದು ಸೂತ್ರ ಕಲೀತೀನ್ರಿ.”

ಅಜ್ಜಾರು ಗಡ್ಡ ಸವರಿಕೊಂಡರು.

ಹುಣ್ಣಿಮೆ ಬಂತು. ದಾನೇಶ್ವರಿಯ ಲೆಕ್ಕದಂತೆಯೇ ಅಡುಗೆಯಾಗಿತ್ತು. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಕಡೆಯಲ್ಲಿ ಹೊಳೆಯಾಚೆಯ ಹರಿಗೋಲಕೊಪ್ಪದವರು ತೆಪ್ಪ ಇಳಿದು ಬಂದು, ಕೈಕಾಲು ತೊಳೆದು, ಎಲೆ ಹಾಕಿಸಿಕೊಂಡು ಕೂತರು. ಬಡಿಸುವವರು ಹಂಡೆ ಬಗ್ಗಿಸಿದರು. ಹಂಡೆಯಲ್ಲಿ ತಳ ಹಿಡಿದ ಸೀಕು ಅನ್ನವಿತ್ತು, ಅದೂ ಹಿಡಿಯಷ್ಟು.

ಆ ಸಾಲಿನ ಎಲೆಗಳಿಗೆ ಉಪ್ಪು ಬಿತ್ತು, ಉಪ್ಪಿನಕಾಯಿ ಬಿತ್ತು. ಅನ್ನ ಬೀಳಲಿಲ್ಲ.

ಅಜ್ಜಾರು ಇನ್ನೂ ಉಂಡಿರಲಿಲ್ಲ. ಬಂದು ಅದೇ ಸಾಲಿನ ಕೊನೆಯಲ್ಲಿ ಕೂತರು. ಒಂದು ಎಲೆ ಹಾಕಿಸಿಕೊಂಡರು. ಬರಿ ಎಲೆಗೆ ಕೈಮುಗಿದು, ಅದನ್ನು ಮಡಚಿ, ಆ ಊರವರ ಜೊತೆಗೇ ಎದ್ದರು. ಹರಿಗೋಲಕೊಪ್ಪದ ಹಿರಿಯ ಫಕೀರಪ್ಪ ಹೋಗುವಾಗ ಅಜ್ಜಾರ ಕಾಲು ಮುಟ್ಟಿ ನಮಸ್ಕರಿಸಿಯೇ ಹೋದ.

ದಾನೇಶ್ವರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಶ್ರಮದ ಟ್ರಸ್ಟಿಗೆ ಮಲ್ಲನಗೌಡರು ಕಾರ್ಯದರ್ಶಿ. ಅವರು ಅಲ್ಲೇ ನಿಂತು ಗುಡುಗಿದರು. “ಮುಂದಿನ ಹುಣ್ಣಿವಿಗೆ ಪ್ಯಾಟಿಯಿಂದ ಅಡಗಿಯವರನ್ನ ಕರಸೂಣ್ರಿ ಅಜ್ಜಾರ. ಈ ಹುಡುಗಿ ಕೈಲೆ ಆಗೂದಲ್ಲ ಇದು.”

“ಮುಂದಿನ ಹುಣ್ಣಿವಿ ಆಗಲಿ. ಹೊಣಿ ಯಾರಿಗಂತ ಅವತ್ತ ಹೇಳೂಣು” ಎಂದರು ಅಜ್ಜಾರು.

ಗೌಡರು ಹೋದರು. ದಾನೇಶ್ವರಿ ಕಂಪ್ಯೂಟರಿನ ಮುಂದೆ ಕೂತಳು. ಸೂತ್ರ ನೋಡಿದಳು, ಮತ್ತೆ ನೋಡಿದಳು.

“ಸೂತ್ರ ತಪ್ಪಿಲ್ರಿ ಅಜ್ಜಾರ.”

“ತಪ್ಪಿಲ್ಲ.”

“ಹರಿಗೋಲಕೊಪ್ಪದವರೂ ಬರದಾರ್ರಿ. ನೋಡ್ರಿ, ಇಲ್ಲೇ ಐತಿ, ಅರವತ್ತು.”

“ಐತಿ.”

“ಮತ್ತ್ಯಾಕ ಕಡಿಮಿ ಬಿತ್ತು?”

“ಉಳದ ಊರಿನ ಅಂಕಿ ಎಲ್ಲಿ ನಿಂತಾವ? ಈ ಊರಿಂದು ಎಲ್ಲಿ ನಿಂತೈತಿ?”

ಅವಳು ನೋಡಿದಳು. ಉಳಿದ ಊರಿನ ಅಂಕಿಗಳೆಲ್ಲ ಹಾಳೆಯ ತಮ್ಮ ತಮ್ಮ ಚೌಕದ ಮನೆಯ ಬಲಗೋಡೆಗೆ ಆತು ನಿಂತಿದ್ದವು. ಹರಿಗೋಲಕೊಪ್ಪದ ೬೦ ಒಂದೇ ಎಡಗೋಡೆಗೆ ನಿಂತಿತ್ತು.

ಬೇರೆ ಊರವರು ಇಂಗ್ಲಿಷ್ ಅಂಕಿ ಒತ್ತಿದ್ದರು. ಫಕೀರಪ್ಪ ಕನ್ನಡ ಅಂಕಿಯಲ್ಲಿ ಬರೆದಿದ್ದ. ಅದನ್ನು ಯಂತ್ರ ಅಂಕಿ ಎಂದು ಹಿಡಿಯದೆ ಮಾತು ಎಂದು ಹಿಡಿದಿತ್ತು. ಮಾತನ್ನು ಕೂಡಿಸುವುದು ಹೇಗೆ? ಬಿಟ್ಟು ಮುಂದೆ ಹೋಗಿತ್ತು. ಬಿಟ್ಟೆ ಎಂದು ಹೇಳಿಯೂ ಇರಲಿಲ್ಲ.

ದಾನೇಶ್ವರಿಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದೆ ಎದುರಿಗಿದ್ದವರ ಮೇಲೆ ಹಾಕಿದಳು.

“ಅವರಿಗೆ ಅಕ್ಷರ ಕಲಿಸಿದವರು ನೀವ. ಅಂಕಿನೂ ಕನ್ನಡದಾಗ ಬರೀರಿ ಅಂತ ಹೇಳಿದವರೂ ನೀವ!”

“ಹೌದವ್ವಾ, ನಾನ” ಎಂದರು ಅಜ್ಜಾರು. ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ, ಹೆಮ್ಮೆಯಿತ್ತು. “ದನಾ ಕಾಯೋ ಮಂದಿ. ಹೊಳಿ ಉಸುಕಿನ ಮ್ಯಾಲೆ ಬರದು ಕಲತಾರ.”

“ಈಗ ಏನ್ ಮಾಡೂದ್ರಿ?”

“ಗೌಡ್ರನ್ನ ಕೇಳಿದ್ರ ಒಂದು ಹಾದಿ ಹೇಳ್ತಾರ. ಇಂಗ್ಲಿಷ್ ಅಂಕಿ ಬರೀರಿ ಅಂತ ಅವರಿಗೆ ಒಂದು ಮೆಸೇಜ್ ಕಳಸಿಬಿಡು ಅಂತಾರ. ಚಿಟಿಕಿ ಹೊಡಿಯೂದ್ರಾಗ ಮುಗೀತೈತಿ.”

“ನೀವು ಏನ್ ಹೇಳ್ತೀರಿ?”

“ನಾ ಉಂಡಿಲ್ಲ. ಹಸದಾವನ ಮಾತು ಕೇಳಬ್ಯಾಡ” ಎಂದು ಅಜ್ಜಾರು ಎದ್ದು ಹೋದರು.

ದಾನೇಶ್ವರಿ ಮೊಬೈಲ್ ತೆಗೆದು ಮೆಸೇಜ್ ಬರೆದಳು. ಕಳಿಸಲು ಬೆರಳು ಏಳಲಿಲ್ಲ. ಅನ್ನವಿಲ್ಲದ ಎಲೆ ಮಡಚುವಾಗ ಹರಿಗೋಲಕೊಪ್ಪದವರು ಉಪ್ಪು ಚೆಲ್ಲದಂತೆ ಮಡಚಿದ್ದು ಅವಳಿಗೆ ನೆನಪಾಯಿತು. ಉಪವಾಸ ಕಳಿಸಿದ್ದು ತಾನು, ಇನ್ನು ಅವರ ಬರವಣಿಗೆಯೂ ತಪ್ಪು ಅನ್ನಬೇಕೇ? ಅಳಿಸಿದಳು.

ಯಂತ್ರವೇ ಕನ್ನಡ ಅಂಕಿ ತಿಳಿಯಬೇಕೆಂದು ಮರುದಿನದಿಂದ ಹಿಡಿದಳು ಹಠ. ಒಂದು ಅಕ್ಷರದ ಬದಲು ಇನ್ನೊಂದನ್ನು ಇಡುವ ಸೂತ್ರ ಅವಳಿಗೆ ಗೊತ್ತಿತ್ತು. ಆದರೆ ಅದು ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತದೆ. ಕನ್ನಡದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಷ್ಟೂ ಅಂಕಿಗಳಿವೆಯಲ್ಲ. ಒಂದು ಸೂತ್ರದ ಹೊಟ್ಟೆಯೊಳಗೆ ಇನ್ನೊಂದು, ಅದರ ಹೊಟ್ಟೆಯೊಳಗೆ ಮತ್ತೊಂದು, ಹೀಗೆ ಪೋಣಿಸುತ್ತ ಹೋದಳು. ಒಂದು ಕಂಸ ಹೆಚ್ಚಾದರೆ ಯಂತ್ರ ಬೈಯುತ್ತಿತ್ತು, ಕಡಿಮೆಯಾದರೂ ಬೈಯುತ್ತಿತ್ತು. ಊಟಕ್ಕೆ ಕರೆದವರಿಗೆ ಅವಳೂ ಬೈದಳು.

ಕೊನೆಗೊಂದು ಮಧ್ಯಾಹ್ನ ೬೦ ಇದ್ದದ್ದು 60 ಆಯಿತು.

“ಅಜ್ಜಾರ, ಬರ್ರಿ, ಬರ್ರಿ! ಆತು!”

ಅಜ್ಜಾರು ಬಂದು ಬಗ್ಗಿ ನೋಡಿದರು. “ಅಂಕಿ ಬದಲಿ ಆಗೇತಿ. ಇನ್ನೂ ಎಡಕ್ಕ ನಿಂತೈತಲ್ಲ?”

ಹೌದು, ನಿಂತಿತ್ತು. ವೇಷ ಬದಲಾಗಿತ್ತೇ ಹೊರತು ಯಂತ್ರಕ್ಕೆ ಅದು ಇನ್ನೂ ಮಾತೇ. ಮೊತ್ತಕ್ಕೆ ಸೇರಿರಲಿಲ್ಲ. ದಾನೇಶ್ವರಿಯ ಮುಖ ಬಾಡಿತು.

“ಒಂದರಿಂದ ಗುಣಿಸಿದ್ರ ಏನಾಕ್ಕೈತಿ?” ಎಂದು ಅಜ್ಜಾರು ಕೇಳಿದರು.

“ಏನೂ ಆಗೂದಿಲ್ರಿ. ಇದ್ದದ್ದ ಇರ್ತೈತಿ.”

“ಗುಣಿಸಿ ನೋಡು.”

“ಏನೂ ಆಗದ್ದನ್ನ ಮಾಡಿ ಏನ್ ಬಂತ್ರಿ?”

“ಮಾಡವ್ವಾ.”

ಸೂತ್ರದ ಬಾಲಕ್ಕೆ ಗುಣಾಕಾರದ ನಕ್ಷತ್ರದ ಗುರುತು ಹಾಕಿ ಒಂದು ಬರೆದು ಗುಂಡಿ ಒತ್ತಿದಳು.

ಅರವತ್ತು ಅರವತ್ತೇ ಇತ್ತು. ಆದರೆ ಎಡಗೋಡೆ ಬಿಟ್ಟು ಬಲಗೋಡೆಗೆ ಹಾರಿ, ಉಳಿದ ಊರುಗಳ ಜೊತೆಗೆ ಸಾಲಾಗಿ ನಿಂತಿತ್ತು. ಕೆಳಗೆ ಮೊತ್ತ ಏರಿತು.

ದಾನೇಶ್ವರಿ ಬಾಯಿಗೆ ಕೈಯಿಟ್ಟುಕೊಂಡಳು. “ಏನೂ ಬದಲಿ ಮಾಡಿಲ್ಲಲ್ರಿ ನಾವು!”

“ಏನೂ ಮಾಡಿಲ್ಲ. ನೀನೂ ಒಂದು ಅಂತ ಎಣಿಸಿದ್ವಿ.”

ಮುಂದಿನ ಹುಣ್ಣಿಮೆ ಬಂತು. ಮೊತ್ತ ಬೆಳಿಗ್ಗೆಯೇ ಬಂದಿತ್ತು. ಕೈಯಲ್ಲಿ ಬಿಡುವಿತ್ತು. ದಾನೇಶ್ವರಿ ಕಂಪ್ಯೂಟರ್ ಆರಿಸಿ ಹೊಳೆಯ ದಂಡೆಗೆ ನಡೆದಳು. ಹರಿಗೋಲಕೊಪ್ಪದ ಅಂಕಿಯೇನೋ ಹಾಳೆಯಲ್ಲಿತ್ತು; ಆ ಊರವರು ನಿಜಕ್ಕೂ ಬರುತ್ತಾರೋ ಇಲ್ಲವೋ ಎಂಬುದನ್ನು ಯಾವ ಸೂತ್ರವೂ ಹೇಳುವಂತಿರಲಿಲ್ಲ.

ತೆಪ್ಪ ಬಂತು. ಅದರ ಹಿಂದೆ ಇನ್ನೊಂದು ಬಂತು.

ಫಕೀರಪ್ಪ ಇಳಿದವನೇ ಅಂಗಿಯ ಕಿಸೆಯಿಂದ ಮೊಬೈಲ್ ತೆಗೆದ. ಅವನಿಗೆ ಸಂಕೋಚ. “ತಂಗೀ, ಇಂಗ್ಲಿಷ್ ಅಂಕಿ ಬರದಿದ್ರ ನಿಮ್ಮ ಮಿಷನ್ನಿಗೆ ತಿಳಿಯೂದಿಲ್ಲ ಅಂತ ಗೌಡ್ರು ಅಂದ್ರು. ಮೊಮ್ಮಗಳ ಕಡೆ ಕಲಿಯಾಕ ಹತ್ತೀನಿ. ಕೈ ಕೂಡವಲ್ದು. ಮುಂದಿನ ಸಲಕ್ಕ ಬರೀತೀನವ್ವಾ.”

“ಬ್ಯಾಡ್ರಿ ಕಾಕಾ” ಎಂದಳು ದಾನೇಶ್ವರಿ. ತಲೆಯೆತ್ತಿಯೇ ಹೇಳಿದಳು. “ನೀವು ಹ್ಯಾಂಗ ಕಲತೀರಿ ಹಂಗ ಬರೀರಿ. ತಿಳಕೊಳ್ಳೂ ಕೆಲಸ ನಂದು. ಹೋದ ಸಲ ನಿಮ್ಮನ್ನ ಉಪಾಸ ಕಳಿಸಿದಾಕಿ ನಾನ. ಮಿಷನ್ ಅಲ್ಲ.”

ಫಕೀರಪ್ಪ ಅವಳ ಮುಖ ನೋಡಿದ. “ಅಷ್ಟಕ್ಕ ಯಾಕ ಬಿಡು ತಂಗೀ. ಇವತ್ತ ಹುಗ್ಗಿ ಐತೇನು?”

“ಬೇಕಾದಷ್ಟು ಐತ್ರಿ!”

ಮಲ್ಲನಗೌಡರು ಅಜ್ಜಾರ ಜೊತೆ ಅಲ್ಲೇ ದಂಡೆಯ ಮೇಲಿದ್ದರು. ಅಜ್ಜಾರು ಎಲ್ಲ ಕೇಳಿಸಿಕೊಂಡರು. ಅವರ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

ಆ ದಿನ ಹರಿಗೋಲಕೊಪ್ಪದವರನ್ನು ಮೊದಲನೆಯ ಪಂಕ್ತಿಗೇ ಕೂರಿಸಿದರು. ದಾನೇಶ್ವರಿ ತಾನೇ ಹುಗ್ಗಿ ಬಡಿಸಿದಳು. ಸಾಕು ಎಂದವರಿಗೂ ಬಡಿಸಿದಳು, ಎಲೆಗೆ ಕೈ ಅಡ್ಡ ಹಿಡಿದವರಿಗೂ ಬಡಿಸಿದಳು. ಅಜ್ಜಾರು ಆ ಸಾಲಿನಲ್ಲೇ ನಡುವೆ ಕೂತು ಉಣ್ಣುತ್ತಿದ್ದರು.

ಗೌಡರು ಅಜ್ಜಾರ ಬದಿಗೆ ಬಂದು ಬಗ್ಗಿದರು. ಹಿಂದಿನ ಗುಡುಗು ಈಗ ಇರಲಿಲ್ಲ.

“ಅಜ್ಜಾರ, ಹೊಣಿ ಯಾರಿಗಂತ ಈ ಹುಣ್ಣಿವಿಗೆ ಹೇಳ್ತೀನಿ ಅಂದಿದ್ರಿ. ದಾಸೋಹ ಇನ್ನ ಯಾರು ನೋಡಕೋಬೇಕ್ರಿ?”

ದಾನೇಶ್ವರಿಯ ಕೈಯಲ್ಲಿ ಸೌಟು ನಿಂತಿತು.

ಅಜ್ಜಾರು ಬಾಯಲ್ಲಿದ್ದ ತುತ್ತು ನುಂಗಿ, ಅವಳ ಕಡೆ ಒಮ್ಮೆ ನೋಡಿ, ಗೌಡರಿಗೆ ಹೇಳಿದರು:

“ನನ್ನ ಯಾಕ ಕೇಳ್ತೀರಿ? ಆಕೀ ಎಣಿಕ್ಯಾಗ ನಾನೂ ಒಂದು ಎಲಿ.”