ಎಮ್ಮೆ ಹೇಳಿದ ಹೂಂ

ಬನ್ನಿ ಮಕ್ಕಳೇ, ಗದ್ದಲ ಬಿಟ್ಟು ನನ್ನ ಮಗ್ಗುಲಿಗೆ ಕೂತ್ಕೊಳ್ಳಿ, ಅಳಿಲು ದಾದಿಯ ಕಥೆ ಹೇಳ್ತೀನಿ.

ಪ್ರಾಣಿಗಳ ಆಸ್ಪತ್ರೆಯಲ್ಲಿ ಅಳಿಲು ಹೊಸದಾಗಿ ದಾದಿ ಕೆಲಸ ಕಲಿಯುತ್ತಿತ್ತು. ಅಲ್ಲಿ ಎರಡು ಎಮ್ಮೆಗಳು ಮಲಗಿದ್ದವು. ಹಿರಿಯ ದಾದಿ ಕೊಕ್ಕರೆ ಅಳಿಲಿನ ಕೈಗೆ ಬಟ್ಟಲು ಕೊಟ್ಟು, "ಇದು ಹೊಟ್ಟೆ ಉಬ್ಬರಿಸಿರೋ ನಿಂಗಿಗೆ ಭೇದಿ ಮಾಡಿಸೋ ಔಷಧ. ಪಕ್ಕದಲ್ಲಿರೋದು ಗಬ್ಬದ ಎಮ್ಮೆ, ಅದು ಕುಡಿದರೆ ಕರು ಉಳಿಯಲ್ಲ, ಜೋಕೆ" ಎಂದಿತು.

ಅಳಿಲು ಒಂದು ಎಮ್ಮೆಯ ಹತ್ತಿರ ಹೋಗಿ, "ನೀವು ನಿಂಗಕ್ಕ ತಾನೇ?" ಎಂದು ಕೇಳಿತು.

"ಹೂಂ" ಎಂದಿತು ಎಮ್ಮೆ.

"ಹೊಟ್ಟೆ ಉಬ್ಬರಿಸಿದೆಯಾ?"

"ಹೂಂ."

ಬಟ್ಟಲು ಎಮ್ಮೆಯ ಬಾಯಿಯವರೆಗೂ ಹೋಯಿತು. ಅಷ್ಟರಲ್ಲಿ ಅಳಿಲಿನ ಕೈ ತಡೆದು ನಿಂತಿತು. ಹೊಟ್ಟೆ ಉಬ್ಬರಿಸಿದ ಎಮ್ಮೆ ಮೆಲುಕು ಹಾಕೋದುಂಟೇ? ಇದು ಹಾಯಾಗಿ ಮೆಲುಕು ಹಾಕುತ್ತಿದೆಯಲ್ಲ!

"ಹೂಂ ಅಂದಾಯ್ತಲ್ಲೇ, ಬೇಗ ಕುಡಿಸು!" ಎಂದು ಕೊಕ್ಕರೆ ಗದರಿತು.

"ತಾಳಿ ಅಕ್ಕಾ" ಎಂದ ಅಳಿಲು ಎಮ್ಮೆಯ ಕಡೆ ತಿರುಗಿ, "ನೀವು ನಮ್ಮಜ್ಜಿಯಾ?" ಎಂದು ಕೇಳಿತು.

"ಹೂಂ."

ಕೊಕ್ಕರೆ ಗಾಬರಿಯಿಂದ ಬಟ್ಟಲನ್ನು ಹಿಂದಕ್ಕೆಳೆಯಿತು. ಅಳಿಲು ಮೆಲ್ಲಗೆ, "ನಿಮ್ಮ ಹೆಸರೇನು, ನೀವೇ ಹೇಳಿ" ಎಂದಿತು.

"ಸಣ್ಣವ್ವ. ಏಳು ತಿಂಗಳ ಗಬ್ಬ."

"ಮತ್ತೆ ಹೂಂ ಯಾಕಂದ್ರಿ?"

"ಮದ್ದು ಕೊಡೋ ತಾಯಿಗೆ ಎದುರಾಡಬಾರದು ಅಂತ."

ಕೊನೆಗೆ ನಿಂಗಿ ಔಷಧ ಕುಡಿದು ಮೂರೇ ದಿನಕ್ಕೆ ಮನೆಗೆ ಹೋಯಿತು. ಕೊಕ್ಕರೆ ಅಂದಿನಿಂದ ಪ್ರತಿಯೊಬ್ಬರ ಬಾಯಿಂದಲೇ ಅವರ ಹೆಸರು ಹೇಳಿಸಿ ಮದ್ದು ಕೊಡತೊಡಗಿತು. ಸಣ್ಣವ್ವ ತಿಂಗಳು ತುಂಬಿ ಮುದ್ದಾದ ಹೆಣ್ಣು ಕರು ಹಾಕಿತು. ಅಳಿಲು ಆಮೇಲೆ ಕೆಲಸಕ್ಕೆ ನಡೆದು ಬರಲೇ ಇಲ್ಲ, ದಿನಾ ಆ ಕರುವಿನ ಬೆನ್ನೇರಿಯೇ ಬಂತು.