ನಡುಗಡ್ಡೆಯ ಚಾತುರ್ಮಾಸ್ಯ

ಶ್ರೀ ವಿಮಲಬೋಧಾಶ್ರಮ ಸ್ವಾಮಿಗಳ ಆರಾಧನೆಯ ಮರುದಿನ, ಪ್ರಸಾದ ಮುಗಿದ ಮೇಲೆ, ಮಣಿಗಿರಿ ಸಂಸ್ಥಾನದ ಗಡಿಠಾಣೆಗೆ ಹಿಂದೆ ಅಧಿಕಾರಿಯಾಗಿದ್ದ ಚಿದಂಬರಯ್ಯನವರು ನಮ್ಮ ಮುಂದೆ ಹೇಳಿದ ವೃತ್ತಾಂತವಿದು. ಆಗ ಅವರಿಗೆ ಎಂಬತ್ತು ದಾಟಿತ್ತು.

ಒಂದು ವರ್ಷ ಮೂಡಣ ಸೀಮೆಯ ಯುದ್ಧದಲ್ಲಿ ಮನೆಮಾರು ಕಳೆದುಕೊಂಡ ನೂರನಲವತ್ತು ಮಂದಿ ನೇಕಾರರು ಗಡಿಹೊಳೆಯ ನಡುಗಡ್ಡೆಯಲ್ಲಿ ಸಿಕ್ಕಿಕೊಂಡಿದ್ದರು. ಈಚೆ ದಡ ಮಣಿಗಿರಿಯದು, ಆಚೆ ದಡ ಸೋಮಗಡದ್ದು. ಎರಡು ಕಡೆಯೂ ಕೋವಿ ಹಿಡಿದ ಕಾವಲು. ಇಳಿಯಲು ಯಾರೂ ಬಿಡರು. "ನಿಮ್ಮ ನೆಂಟರನ್ನ ಕರಕೊಂಡು ಹೋಗ್ರಪ್ಪಾ, ಅನ್ನ ಆರಿ ಹೋಗ್ತದೆ!" ಎಂದು ಆಚೆಯ ಸಿಪಾಯಿಗಳು ಕೂಗಿದರೆ, "ನಿಮ್ಮ ಅಳಿಯಂದಿರು ಕಣ್ರೋ, ನೀವೇ ಕಾಲಿಗೆ ನೀರು ಕೊಡಿ!" ಎಂದು ಈಚೆಯವರು ಕೂಗುವರು. ಮುಂಗಾರು ಬಲಿತಿತ್ತು. ಹತ್ತು ದಿನದೊಳಗೆ ನಡುಗಡ್ಡೆ ಮುಳುಗುವುದೆಂದು ಅಂಬಿಗರು ಹೇಳುತ್ತಿದ್ದರು.

ಚಾತುರ್ಮಾಸ್ಯಕ್ಕೆಂದು ಮಣಿಗಿರಿಯ ಅರಮನೆಗೆ ಹೊರಟಿದ್ದ ಸ್ವಾಮಿಗಳು ದಾರಿಯಲ್ಲಿ ಇದನ್ನು ಕಂಡರು. ಹರಿಗೋಲಿನಲ್ಲಿ ನಡುಗಡ್ಡೆಗೆ ದಾಟಿ, ಹರಕು ಸೀರೆಯೊಂದರ ನೆರಳಿನಲ್ಲಿ ಮರಳ ಮೇಲೆ ಕುಳಿತುಬಿಟ್ಟರು.

ಆಷಾಢದ ಹುಣ್ಣಿಮೆಯ ಬೆಳಗ್ಗೆ ಚಿದಂಬರಯ್ಯನವರು ಅವರನ್ನು ಕರೆತರಲು ಹೋದರು. ಶಾಸ್ತ್ರ ಓದಿದವರಾದರೂ ಕಾವಿಯನ್ನು ಅಷ್ಟಾಗಿ ನಂಬಿದವರಲ್ಲ. "ನೀರು ಮೊಣಕಾಲಿಗೆ ಬರಲಿ, ಅವರೇ ಹರಿಗೋಲು ಕೇಳುತ್ತಾರೆ" ಎಂದು ಸಿಪಾಯಿಗಳೊಡನೆ ನಕ್ಕಿದ್ದರು.

ಮಳೆಗಾಲದಲ್ಲಿ ನೆಲವೆಲ್ಲ ಸಣ್ಣ ಜೀವಿಗಳಿಂದ ತುಂಬಿರುವುದು. ಅವನ್ನು ತುಳಿಯದಿರಲೆಂದು ಯತಿಗಳು ಒಂದು ಸೀಮೆಯನ್ನು ಹೇಳಿ ಅದರೊಳಗೇ ನಿಲ್ಲುವ ವ್ರತವೇ ಚಾತುರ್ಮಾಸ್ಯ. 'ಬಾಧಕವಿಲ್ಲದಿದ್ದಲ್ಲಿ' ಎಂದು ಸಂಕಲ್ಪದಲ್ಲೇ ಸೇರಿಸಿಕೊಳ್ಳುವ ವಾಡಿಕೆಯುಂಟು. ಆಪತ್ತು ಬಂದರೆ ಎದ್ದುಹೋಗಲು ಅದೇ ಅವಕಾಶ. ಅಂದು ಸ್ವಾಮಿಗಳು ಕೈಯಲ್ಲಿ ನೀರು ಹಿಡಿದು ಎಲ್ಲರಿಗೂ ಕೇಳುವಂತೆ ನುಡಿದರು: "ಈ ಜನ ಎಲ್ಲಿರುವರೋ ಅದೇ ನಮಗೆ ಸೀಮೆ. ಅಲ್ಲಿಯೇ ನಿಲ್ಲುವೆವು."

ಚಿದಂಬರಯ್ಯನವರು ಬೆಚ್ಚಿದರು. "ಸ್ವಾಮೀ, ಬಾಧಕದ ಮಾತು ಬಿಟ್ಟುಹೋಯಿತಲ್ಲ!"

"ಬಿಟ್ಟುಹೋಗಲಿಲ್ಲ. ಬಿಟ್ಟೆವು."

"ಹೊಳೆ ಏರುತ್ತಿದೆ. ಇವರನ್ನು ಇಳಿಸಬಾರದೆಂದು ಅರಮನೆಯ ಅಪ್ಪಣೆ."

"ಇರುವೆಯನ್ನು ತುಳಿಯಬಾರದೆಂದು ಹಿಡಿದ ವ್ರತವಯ್ಯಾ. ಇವರನ್ನು ತುಳಿದುಕೊಂಡು ಯಾವ ದಡಕ್ಕೆ ಹೋಗೋಣ?"

ನೇಕಾರರ ಹಿರಿಯಳು ಸಂಕವ್ವ ಕೈಮುಗಿದಳು. "ನೀವಾದ್ರೂ ಹೋಗಿ ಸಾಮೇರೇ. ನಿಮ್ಮನ್ನ ಮುಳುಗಿಸಿದ ಪಾಪ ನಮಗ್ಯಾಕೆ?"

ಸ್ವಾಮಿಗಳು ನಕ್ಕರು. "ಮನೆಗೆ ಬಂದವರನ್ನು ಹೊರಡು ಎನ್ನುವರೇ ತಾಯೀ?"

ಚಿದಂಬರಯ್ಯನವರು ರುಮಾಲು ತೆಗೆದು ಮರಳಿನ ಮೇಲೆ ದೀರ್ಘದಂಡ ನಮಸ್ಕಾರ ಮಾಡಿದರು. ಎದ್ದು ದಡದತ್ತ ಕೂಗಿದರು: "ಇದ್ದಬದ್ದ ಹರಿಗೋಲೆಲ್ಲ ತನ್ನಿ!"

"ಅಪ್ಪಣೆ ಯಾರದು ಅಂತ ಬರೀಲಿ ಬುದ್ಧೀ?" ಎಂದ ಜಮಾದಾರ.

"ನನ್ನದೆಂದು ಬರಿ."

ಸಂಜೆಯೊಳಗೆ ಎಲ್ಲರೂ ಈಚೆ ದಡ ಸೇರಿದರು. ಕಡೆಯ ಹರಿಗೋಲಿನಲ್ಲಿ ಸ್ವಾಮಿಗಳು ಬಂದರು. ಆ ಚಾತುರ್ಮಾಸ್ಯವನ್ನು ಅವರು ನೇಕಾರರ ಗುಡಿಸಲುಗಳ ನಡುವೆಯೇ ಕಳೆದರು. ಚಿದಂಬರಯ್ಯನವರ ಅಧಿಕಾರ ಆ ತಿಂಗಳೇ ಹೋಯಿತು. ಅವರು ಊರಿಗೆ ಹಿಂದಿರುಗದೆ ನೇಕಾರರ ಕೇರಿಯಲ್ಲೇ ಮನೆ ಮಾಡಿ, ಕೊನೆಯವರೆಗೂ ಅಲ್ಲಿಯೇ ಇದ್ದರು.