ಮಿಷಿನ್ ಒಳಗೆ ಹೋದ ಉಂಗುರ

ಚಕ್ರಪಾಣಿ ರಾಯರ ಮನೆಯ ಪಾತ್ರೆ ತೊಳೆಯೋ ಮಿಷಿನ್ ಬಾಗಿಲು ತೆಗೆದರೆ ಸಾಕು, ಸತ್ತ ಹೆಗ್ಗಣದ ವಾಸನೆ!

"ಸಂಜೆ ಬೀಗರು ಬರ್ತಾರೆ. ಅಷ್ಟರಲ್ಲಿ ಈ ವಾಸನೆ ಹೋಗ್ಬೇಕು, ಇಲ್ಲ ನೀನು ಹೋಗ್ಬೇಕು! ಆದ್ರೆ ನನ್ನ ಮಿಷಿನ್‌ಗೆ ಮಾತ್ರ ಕೈ ಹಾಕ್ಬೇಡ!" ಎಂದು ರಾಯರು ಅಡುಗೆಯ ಸಿದ್ದಮ್ಮನ ಮೇಲೆ ಹಾರಾಡಿದರು.

ಊಟಕ್ಕೆ ಮುಂಚೆ ರಾಯರು ಹರಳಿನುಂಗುರ ಬಿಚ್ಚಿ ಜೇಬಿಗೆ ಹಾಕೋದು, ಆಮೇಲೆ ಮರೆಯೋದು ಸಿದ್ದಮ್ಮನಿಗೆ ಗೊತ್ತಿತ್ತು.

"ಅಯ್ಯೋ ರಾಯ್ರೇ, ಬೆರಳು ಬರಿದಾಗೈತಲ್ಲ! ತಟ್ಟೆ ಜೊತೆ ಉಂಗುರಾನೂ ಮಿಷಿನ್‌ಗೆ ಹೋಯ್ತಾ?"

ರಾಯರು ದಡಕ್ಕನೆ ಮಂಡಿಯೂರಿದರು! ಮೊಣಕೈವರೆಗೂ ಕೈ ತೂರಿಸಿ ತಳದ ಜಾಲರಿ ಕಿತ್ತರು. ಬಂತು ನೋಡಿ, ಅವರೇ ಅಗಿದು ಬಿಟ್ಟಿದ್ದ ನುಗ್ಗೆಕಾಯಿ ಸಿಪ್ಪೆ, ಕರಿಬೇವು, ಕೊಳೆತ ಅನ್ನ! ಸಿದ್ದಮ್ಮ ಜಾಲರಿಯನ್ನು ತಿಕ್ಕಿ ತಿಕ್ಕಿ ಕೊಟ್ಟಳು.

"ಒಂದ್ ಲೋಟ ವಿನೆಗರ್ ಇಟ್ಟು, ಖಾಲಿ ಮಿಷಿನ್ ಓಡ್ಸಿ ರಾಯ್ರೇ. ಉಂಗುರ ಮೂಲೇಲಿ ಸಿಕ್ಕೊಂಡಿದ್ರೂ ಬಂದ್ಬಿಡುತ್ತೆ."

ಓಡಿಸಿದರು. ವಾಸನೆ ಮಾಯ! ಉಂಗುರ ಮಾತ್ರ ಇಲ್ಲ.

"ಅಂದ್ಹಾಗೆ ಜೇಬು ನೋಡ್ಕೊಂಡ್ರಾ?"

ಅಲ್ಲೇ ಇತ್ತು! ರಾಯರು ಬಾಯಿ ತೆರೆಯುವಷ್ಟರಲ್ಲಿ ಬೀಗರು ಬಂದೇಬಿಟ್ಟರು, ತೆರೆದಿದ್ದ ಮಿಷಿನ್ ಒಳಗೆ ಇಣುಕಿದರು. "ಅಬ್ಬಾ, ಮಿಷಿನ್ ಎಷ್ಟು ಚೊಕ್ಕವಾಗಿದೆ! ಯಾರು ತೊಳೆದಿದ್ದು?"

"ನಾನೇ!" ರಾಯರು ಎದೆಯುಬ್ಬಿಸಿದರು.

"ಹೂಂ, ವಾರ ವಾರ ರಾಯ್ರೇ ತೊಳೀತಾರೆ," ಎಂದಳು ಸಿದ್ದಮ್ಮ.

ಬೀಗರ ಮುಂದೆ ಇಲ್ಲ ಅನ್ನೋಕಾಗುತ್ತಾ? ರಾಯರು ಈಗಲೂ ವಾರ ವಾರ ತೊಳೀತಾನೇ ಇದ್ದಾರೆ!